ಟೈಮ್ ಹಾಕು, ಸಹಿ ಮಾಡು

ನರ್ಸಿಂಗ್ ಓದಿದ ವರ್ಷಗಳಲ್ಲಿ ನಮ್ಮ ತರಗತಿಗೆ ಅತ್ಯಂತ ಬೇಸರ ತರಿಸುತ್ತಿದ್ದದ್ದು ಹಾಸಿಗೆ ಹಾಸುವ ಕೆಲಸವೂ ಅಲ್ಲ, ಬೆಡ್‌ಪ್ಯಾನ್ ಕೊಡುವ ಕೆಲಸವೂ ಅಲ್ಲ. ನರ್ಸಸ್ ನೋಟ್ಸ್, ಅಂದರೆ ರೋಗಿಯ ಸ್ಥಿತಿಯ ದಾಖಲೆ, ಬರೆಯುವ ಕೆಲಸ. ಬೆಳಗಿನ ಪೋಸ್ಟಿಂಗ್ ಮುಗಿಸಿ, ವಿಜಯಪುರದ ಸುಡುಬಿಸಿಲಿನಲ್ಲಿ ಹಾಸ್ಟೆಲ್ಲಿಗೆ ಮರಳಿ, ರೊಟ್ಟಿ ಶೇಂಗಾ ಹಿಂಡಿ ಉಂಡು ಒಂದಿಷ್ಟು ಅಡ್ಡಾಗೋಣವೆಂದು ಹೊರಟವರನ್ನು ಮೆಡಿಕಲ್-ಸರ್ಜಿಕಲ್ ವಿಷಯದ ನಮ್ಮ ಮೇಡಂ ವಾರ್ಡಿನ ಬಾಗಿಲಲ್ಲೇ ತಡೆದು, ಒಬ್ಬೊಬ್ಬರ ಬರಹವನ್ನೂ ಓದುತ್ತಿದ್ದರು. 'ಪೇಷಂಟ್ ಈಸ್ ಕಂಫರ್ಟೇಬಲ್' ಎಂದು ಬರೆದಿದ್ದರೆ ಆ ಸಾಲಿನ ಮೇಲೆ ಕೆಂಪು ಗೀಟು ಬೀಳುತ್ತಿತ್ತು. "ಇದು ನಿನ್ನ ಅಭಿಪ್ರಾಯ ಆತವಾ. ಕಣ್ಣಿಲೆ ಏನ್ ನೋಡಿದಿ ಅದನ್ನ ಬರಿ. ಟೈಮ್ ಹಾಕು, ಸಹಿ ಮಾಡು" ಎನ್ನುತ್ತಿದ್ದರು. ಉಸಿರಾಟ ನಿಮಿಷಕ್ಕೆ ಎಷ್ಟು, ಡ್ರೆಸ್ಸಿಂಗ್ ಒಣಗಿದೆಯೋ ನೆನೆದಿದೆಯೋ, ರಾತ್ರಿಯಿಂದ ಮೂತ್ರ ಎಷ್ಟು ಹೋಗಿದೆ ಎಂಬುದನ್ನೆಲ್ಲ ಮತ್ತೆ ಹೋಗಿ ನೋಡಿಕೊಂಡು ಬಂದು ಬರೆದ ಮೇಲೆಯೇ ನಮಗೆ ಊಟ.

ಈಗ ನಾನು ಇದೇ ಜಿಲ್ಲೆಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ಕಾಲೇಜಿನ ಈ ಸಂಚಿಕೆಯ ಸಂಪಾದಕರು ಅಲ್ಲಿನ ನೆನಪುಗಳ ಜೊತೆಗೆ, ಈಗ ಓದುತ್ತಿರುವವರಿಗೆ ಉದ್ಯೋಗದ ಬಗ್ಗೆ ನಾಲ್ಕು ಮಾತನ್ನೂ ಬರೆಯಬೇಕೆಂದು ಕೇಳಿದ್ದಾರೆ. ನನ್ನ ಮಟ್ಟಿಗೆ ಇವೆರಡೂ ಆ ಕೆಂಪು ಗೀಟಿನಿಂದಲೇ ಹೊರಡುವುದರಿಂದ ಬೇರೆ ಬೇರೆಯಾಗಿ ಬರೆಯುವ ಗೋಜಿಗೆ ಹೋಗಿಲ್ಲ.

ದೀಪ ಬೆಳಗಿಸಿ ಪ್ರತಿಜ್ಞೆ ಸ್ವೀಕರಿಸುವ ದಿನ ಅತಿಥಿಗಳೆಲ್ಲರೂ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಕರುಣಾಮೂರ್ತಿ ಎಂದು ಹೊಗಳುವುದು ವಾಡಿಕೆ. ಕರುಣೆಯ ಮಾತು ಸರಿಯೇ. ಆದರೆ 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಸ್ಕುಟಾರಿಯ ಆಸ್ಪತ್ರೆಗೆ ಹೋದ ಆ ಮಹಿಳೆ, ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸಾಯುತ್ತಿದ್ದರೆಂಬುದನ್ನು ಅಂಕಿಅಂಶಗಳಿಂದ, ಬಣ್ಣದ ನಕ್ಷೆಗಳಿಂದ ಸರ್ಕಾರಕ್ಕೆ ತೋರಿಸಿಕೊಟ್ಟರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆಯೂ ಅವರೇ. ಮೇ 12ರ ನರ್ಸ್‌ಗಳ ದಿನದಂದು ವೇದಿಕೆಯ ಮೇಲೆ ಅವರ ಕೈಯಲ್ಲಿನ ದೀಪದ ಬಗ್ಗೆ ಆಡುವಷ್ಟು ಮಾತನ್ನು ಅವರ ಲೆಕ್ಕದ ಪುಸ್ತಕದ ಬಗ್ಗೆ ಯಾರೂ ಆಡುವುದಿಲ್ಲವೆಂಬುದು ನನ್ನ ಹಳೆಯ ತಕರಾರು.

ತೊಗರಿಗೆ, ದ್ರಾಕ್ಷಿಗೆ ಔಷಧ ಹೊಡೆಯುವ ದಿನಗಳಲ್ಲಿ ನಮ್ಮ ವಿಭಾಗಕ್ಕೆ ಬರುವ ರೋಗಿಗಳನ್ನು ನೋಡಿದರೆ ಬರವಣಿಗೆಯ ಬೆಲೆ ತಿಳಿಯುತ್ತದೆ. ಬಾಯಿಗೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ ಇಡೀ ದಿನ ಪಂಪು ಹೊತ್ತ ಕೂಲಿಯಾಳೊಬ್ಬನನ್ನು ಸಂಜೆಯ ಹೊತ್ತಿಗೆ ಟಂಟಂನಲ್ಲಿ ಕರೆತರುತ್ತಾರೆ ಎಂದುಕೊಳ್ಳಿ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಅಂಗಿಯಿಂದ ಏಳುವ ಘಾಟು ವಾಸನೆಯೇ ಅರ್ಧ ವಿಷಯವನ್ನು ಹೇಳಿಬಿಡುತ್ತದೆ. ಕೈಗವಸು ತೊಟ್ಟು ಬಟ್ಟೆ ತೆಗೆಸಿ, ಮೈಯನ್ನು ಸೋಪು ನೀರಿನಿಂದ ತೊಳೆಯುವ ಹೊತ್ತಿಗೇ ವೈದ್ಯರು ವಿಷದ ಪರಿಣಾಮ ತಗ್ಗಿಸುವ ಅಟ್ರೋಪಿನ್ ಔಷಧವನ್ನು ಆರಂಭಿಸಿರುತ್ತಾರೆ. ಅಲ್ಲಿಂದ ಮುಂದೆ ಐದೈದು ನಿಮಿಷಕ್ಕೊಮ್ಮೆ ನಾಡಿ, ರಕ್ತದೊತ್ತಡ, ಕಣ್ಣಿನ ಪಾಪೆ, ಎದೆಯ ಗೊರಗೊರ ಸದ್ದು, ಕಂಕುಳ ಬೆವರು ಇಷ್ಟನ್ನೂ ನೋಡಿ ಚಾರ್ಟಿನಲ್ಲಿ ತುಂಬುವವರು ನಾವು. ಎದೆ ತಿಳಿಯಾಗಿ ಕಂಕುಳು ಒಣಗುವವರೆಗೆ ಔಷಧದ ಪ್ರಮಾಣ ಏರುತ್ತಲೇ ಹೋಗುತ್ತದೆ. ಅದೇ ಅಟ್ರೋಪಿನ್ ಹದ ಮೀರಿದರೆ ರೋಗಿಗೆ ಜ್ವರ ಏರುತ್ತದೆ, ಹೊಟ್ಟೆಯ ಚಲನೆ ನಿಲ್ಲುತ್ತದೆ, ಅವನು ಏನೇನೋ ಬಡಬಡಿಸುತ್ತ ಹಾಸಿಗೆಯ ದಾರ ಕೀಳುವವನಂತೆ ಕೈಯಾಡಿಸತೊಡಗುತ್ತಾನೆ. ಮನೆಯವರು ಅದನ್ನು ಕಂಡು "ವಿಷ ತಲಿಗೆ ಏರೇತ್ರಿ ಅಕ್ಕಾರ" ಎಂದು ಅಳುತ್ತಾರೆ. ಇದು ವಿಷವೋ ಔಷಧವೋ ಎಂದು ವೈದ್ಯರು ತೀರ್ಮಾನಿಸುವುದು ಹಿಂದಿನ ಎರಡು ಗಂಟೆಗಳ ಚಾರ್ಟನ್ನು ಓದಿ. ಅಲ್ಲಿ 'ಕಂಫರ್ಟೇಬಲ್' ಎಂದು ಬರೆದಿಟ್ಟಿದ್ದರೆ ಅದನ್ನು ಓದಿ ಅವರು ಏನು ತಿಳಿಯಬೇಕು?

ಹಾವು ಕಡಿದವರು ಬಂದಾಗಲೂ ಅಷ್ಟೇ. ಎರಡು ಮಿಲಿ ರಕ್ತವನ್ನು ಒಣಗಿದ, ಸ್ವಚ್ಛವಾದ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಬಳಿಕ ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂತಹ ಹಾವಿನ ವಿಷ ಮೈಗೇರಿದೆ ಎಂದು ಸಂಶಯಪಡಬೇಕಾಗುತ್ತದೆ. ನೋಡಲು ಬಲು ಸರಳವಾದ ಪರೀಕ್ಷೆ. ಆದರೆ ಟ್ಯೂಬು ಪ್ಲಾಸ್ಟಿಕ್ಕಿನದಾದರೂ, ಸೋಪಿನ ಪುಡಿಯಿಂದ ತೊಳೆದದ್ದಾದರೂ ಫಲಿತಾಂಶ ಕೆಡುತ್ತದೆ. ನಡುವೆ ಕುತೂಹಲಕ್ಕೆ ಎತ್ತಿ ನೋಡಿದರೂ ಕೆಡುತ್ತದೆ. ಮನೆಯವರು 'ಇಂಜೆಕ್ಷನ್ ಯಾಕ ಮಾಡವಲ್ರಿ' ಎಂದು ಸುತ್ತುವರಿದು ನಿಂತಾಗ ಆ 20 ನಿಮಿಷ ಬಹಳ ದೀರ್ಘವೆನಿಸುತ್ತದೆ. ಆ ಅವಧಿಯಲ್ಲಿ ಮಾಡಬೇಕಾದ ಇನ್ನೊಂದು ಕೆಲಸವನ್ನು ಮೇಡಂ ಕಲಿಸಿದ್ದರು: ಬಾವು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಕಾಲಿನ ಮೇಲೆಯೇ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯುವುದು. ಮುಂದಿನ ಪಾಳಿಯವರಿಗೆ ಬಾವು ಏರಿತೋ ಇಲ್ಲವೋ ಎಂದು ವಾದಿಸುವ ಪ್ರಸಂಗವೇ ಬರುವುದಿಲ್ಲ.

ಇನ್ನು ಮಾತಿನ ವಿಚಾರ. ವಿಜಯಪುರದ ವಾರ್ಡಿನಲ್ಲಿ ಒಂದು ಸಾಲಿನ ಹಾಸಿಗೆಗಳ ಮೇಲೆಯೇ ಕನ್ನಡ, ದಖನಿ ಉರ್ದು, ತಾಂಡಾದಿಂದ ಬಂದ ತಾಯಂದಿರ ಲಂಬಾಣಿ, ಸೊಲ್ಲಾಪುರದ ಕಡೆಯವರ ಮರಾಠಿ ಕೇಳಿಬರುತ್ತವೆ. ನೋವು ಎಲ್ಲಿ, ಎಂದಿನಿಂದ, ಮೂತ್ರ ಹೋಯಿತೇ, ಏನು ತಿಂದಿದ್ದೀರಿ ಎಂದು ನಾಲ್ಕೂ ಭಾಷೆಗಳಲ್ಲಿ ಕೇಳಲು ಕಲಿತ ವಿದ್ಯಾರ್ಥಿನಿಯನ್ನು ಯಾವ ಸಂದರ್ಶನದಲ್ಲಿಯೂ ಯಾರೂ ಸುಲಭವಾಗಿ ಕೈಬಿಡಲಾರರು.

ಉದ್ಯೋಗದ ವಿಚಾರಕ್ಕೆ ಬಂದರೆ, ಮೊದಲ ಕೆಲಸವನ್ನು ಸಂಬಳಕ್ಕಿಂತ ಹಾಸಿಗೆಗಳ ಸಂಖ್ಯೆ ನೋಡಿ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ದೆಹಲಿಯ ಏಮ್ಸ್ ಆಸ್ಪತ್ರೆ ಶುಶ್ರೂಷಾಧಿಕಾರಿಗಳ ನೇಮಕಾತಿಗೆ ನಡೆಸುವ ನಾರ್ಸೆಟ್ ಪರೀಕ್ಷೆಗೆ ಬಿಎಸ್ಸಿ ನರ್ಸಿಂಗ್ ಮುಗಿಸಿದವರು ನೇರವಾಗಿ ಕೂರಬಹುದು. ಜಿಎನ್ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದಿದವರು ಮಾತ್ರ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿರಬೇಕೆಂಬ ನಿಯಮವಿದೆ. ಮನೆಗೆ ಹತ್ತಿರವೆಂದು ಹತ್ತು ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲಿ ಕಳೆದ ವರ್ಷಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಸಂಬಳವನ್ನು ಮರೆಯಿರಿ ಎಂದು ಇದರ ಅರ್ಥವಲ್ಲ. ಸುಪ್ರೀಂ ಕೋರ್ಟಿನ ಸೂಚನೆಯಂತೆ 2016ರಲ್ಲಿ ರಚನೆಯಾದ ಸಮಿತಿಯು, ಖಾಸಗಿ ಆಸ್ಪತ್ರೆ ಎಷ್ಟೇ ಚಿಕ್ಕದಾಗಿದ್ದರೂ ನರ್ಸ್‌ಗಳ ತಿಂಗಳ ವೇತನ 20,000 ರೂಪಾಯಿಗಿಂತ ಕಡಿಮೆಯಿರಬಾರದು, 200ಕ್ಕಿಂತ ಹೆಚ್ಚು ಹಾಸಿಗೆಗಳಿರುವಲ್ಲಿ ಸರ್ಕಾರಿ ನರ್ಸ್‌ಗಳಿಗೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿದೆ. ಅದು ಶಿಫಾರಸಾಗಿಯೇ ಉಳಿದಿರುವ ಆಸ್ಪತ್ರೆಗಳನ್ನು ನಾವೆಲ್ಲ ಕಂಡಿದ್ದೇವೆ. ಆದರೂ ಸಂದರ್ಶನಕ್ಕೆ ಹೋಗುವವರಿಗೆ ಈ ಅಂಕಿ ತಿಳಿದಿರಬೇಕು.

ಇನ್ನೊಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಮೂಲ ಅಂಕಪಟ್ಟಿಗಳನ್ನು ಯಾವ ಆಡಳಿತ ಮಂಡಳಿಯ ಕಪಾಟಿಗೂ ಒಪ್ಪಿಸಬೇಡಿ. ನನ್ನ ಸಹಪಾಠಿಯೊಬ್ಬಳು ಸೇವೆಗೆ ಸೇರುವಾಗ ಒಪ್ಪಿಸಿದ ಮೂಲ ದಾಖಲೆಗಳನ್ನು ಮರಳಿ ಪಡೆಯಲು, ಕೈಗೆ ಬಂದಿದ್ದ ಬೇರೊಂದು ಕೆಲಸವನ್ನೇ ಬಿಡಬೇಕಾಯಿತು. ತೋರಿಸಿ, ನಕಲು ಪ್ರತಿ ಕೊಟ್ಟು, ಮೂಲವನ್ನು ಕೈಯಲ್ಲಿ ಹಿಡಿದೇ ಹೊರಗೆ ಬನ್ನಿ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿಯನ್ನು ಫಲಿತಾಂಶ ಬಂದ ಕೂಡಲೇ ಮಾಡಿಸಿಕೊಳ್ಳಿ. ಕೊಲ್ಲಿ ರಾಷ್ಟ್ರಗಳಿಗೆ ಹೋಗಬಯಸುವವರು ಏಜೆಂಟನ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕೊಡಬಾರದು. ಅಲ್ಲಿನವರು ನಿಮ್ಮ ಅನುಭವ ಪತ್ರವನ್ನು ಮೂಲ ಆಸ್ಪತ್ರೆಗೇ ಕಳುಹಿಸಿ ತಾಳೆ ನೋಡುವುದರಿಂದ, ಸೇರಿದ ದಿನಾಂಕ, ಬಿಟ್ಟ ದಿನಾಂಕ, ವಿಭಾಗ, ಹಾಸಿಗೆಗಳ ಸಂಖ್ಯೆ ಇವೆಲ್ಲ ಪತ್ರದಲ್ಲಿ ಸರಿಯಾಗಿವೆಯೇ ಎಂದು ಕೆಲಸ ಬಿಡುವ ದಿನವೇ ಪರಿಶೀಲಿಸಿ.

ಮೈಯ ಬಗ್ಗೆಯೂ ಎಚ್ಚರವಿರಲಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನು ವಿದ್ಯಾರ್ಥಿಗಳಾಗಿರುವಾಗಲೇ ಮುಗಿಸಿಕೊಳ್ಳಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಒಂದು ವೇಳೆ ಚುಚ್ಚಿದರೆ ಒತ್ತಿ ರಕ್ತ ಹಿಂಡದೆ, ಸೋಪು ನೀರಿನಿಂದ ತೊಳೆದು, ಕೂಡಲೇ ಮೇಲಿನವರಿಗೆ ತಿಳಿಸಬೇಕು. ಎಚ್ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಆರಂಭವಾದರೆ ಒಳ್ಳೆಯದು, 72 ಗಂಟೆ ದಾಟಿದ ಮೇಲೆ ಪ್ರಯೋಜನವಿಲ್ಲ. 'ಯಾರಿಗೆ ಹೇಳೂದು ಬಿಡು' ಎಂದು ಸಂಕೋಚಪಟ್ಟು ಪಾಳಿ ಮುಗಿಸಿ ಹೋಗುವ ಹುಡುಗಿಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಾತ್ರಿ ಪಾಳಿಯ ನಿದ್ದೆಗೆಡುವಿಕೆಗೆ ಪರಿಹಾರ ನನ್ನ ಬಳಿಯೂ ಇಲ್ಲ. ಬೆಳಿಗ್ಗೆ ಮನೆಗೆ ಹೋದವರು ಮೊಬೈಲನ್ನು ಮುಟ್ಟದೆ ಮಲಗುವುದು ಲೇಸು.

ಈ ವರ್ಷ ನಮ್ಮ ವಿಭಾಗಕ್ಕೆ ಪೋಸ್ಟಿಂಗಿಗೆ ಬರುವವರು ಸೆಕೆಂಡಿನ ಮುಳ್ಳಿರುವ ಕೈಗಡಿಯಾರ ಕಟ್ಟಿಕೊಂಡು ಬನ್ನಿ. ಮಿಲಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ಒಂದು ಲೀಟರ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ ಎಂಬ ಲೆಕ್ಕವನ್ನು ನಾನು ಮೊದಲ ದಿನವೇ ಕೇಳುತ್ತೇನೆ. ಹನಿಯನ್ನು ತಾನೇ ಅಳೆದು ಬಿಡುವ ಪಂಪು ಎಲ್ಲ ಹಾಸಿಗೆಗೂ ಇರುವುದಿಲ್ಲ. ಹಾಗೆಯೇ ನಿಮ್ಮ ನೋಟ್ಸನ್ನು ಊಟಕ್ಕೆ ಮೊದಲು ನನಗೆ ತೋರಿಸಬೇಕಾಗುತ್ತದೆ. ಕೆಂಪು ಪೆನ್ನು ನನ್ನ ಬಳಿಯೂ ಇದೆ.