ಬಕೆಟ್ ಇಳಿಬಿಟ್ಟ ಪೈಲಟ್

ಮಗಳಿಗೆ ಅಂತ ತಂದಿದ್ದ ನೇಟ್ ಸೇಂಟ್ ಜೀವನಚರಿತ್ರೆ ನಾನೇ ಓದಿ ಮುಗಿಸ್ದೆ. ಅಮೆರಿಕದ ಮಿಷನರಿ ಪೈಲಟ್, 1948ರಲ್ಲಿ ಈಕ್ವೆಡಾರ್‌ಗೆ ಹೋಗಿ ಶೆಲ್ ಮೇರಾ ಅನ್ನೋ ಊರಲ್ಲಿ ಮನೆ ಮಾಡ್ಕೊಂಡು, ರಸ್ತೆನೇ ಇಲ್ಲದ ಕಾಡಿನ ಮಿಷನ್‌ಗಳಿಗೆ ಪುಟ್ಟ ಪ್ಲೇನಲ್ಲಿ ಔಷಧಿ, ದಿನಸಿ ಸಾಗಿಸ್ತಿದ್ದ, ಹೆಂಡತಿ ಮಾರ್ಜ್ ರೇಡಿಯೋ ಮುಂದೆ ಕೂತು ಪ್ಲೇನ್ ಎಲ್ಲಿದೆ ಅಂತ ವಿಚಾರಿಸ್ತಾ ಇರೋಳು.

ಅವನ ಬಕೆಟ್ ಐಡಿಯಾ ಮಾತ್ರ ಅದ್ಭುತ ಕಣ್ರೀ! ಉದ್ದನೆ ಹಗ್ಗಕ್ಕೆ ಬಕೆಟ್ ಕಟ್ಟಿ ಇಳಿಬಿಟ್ಟು ಪ್ಲೇನ್ ಮೇಲೆ ಸುತ್ತು ಹೊಡೀತಾ ಇದ್ರೆ ಕೆಳಗೆ ಬಕೆಟ್ ಹೆಚ್ಚುಕಮ್ಮಿ ಒಂದೇ ಕಡೆ ನಿಲ್ಲುತ್ತೆ. 1955ರಲ್ಲಿ ಹೀಗೆ ಹಗ್ಗದಲ್ಲೇ ಆ ಕಾಡಿನ ವಾವೊರಾನಿ ಬುಡಕಟ್ಟಿನ ಜನಕ್ಕೆ ಪಾತ್ರೆ, ಮಚ್ಚು ಎಲ್ಲ ಇಳಿಸಿದ್ರು, ಅವ್ರೂ ಅದೇ ಹಗ್ಗಕ್ಕೆ ಒಂದು ಗಿಳಿ ಕಟ್ಟಿ ಕಳಿಸಿದ್ರು.

ಆಮೇಲೆ 1956 ಜನವರಿ 8, ಕುರಾರಾಯ್ ನದಿ ದಂಡೆ. ನೇಟ್ ಮತ್ತೆ ಅವನ 4 ಜನ ಗೆಳೆಯರು ಅದೇ ಜನರ ಭರ್ಜಿಗೆ ಸತ್ರು. ನೇಟ್ ಕಡೆಯೋರ ಹತ್ರ ಬಂದೂಕಿತ್ತು, ಆದ್ರೆ ಜನರ ಮೇಲೆ ಹಾರಿಸಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ರು. ಇಲ್ಲಿ ನಂಗೆ ಓದೋದು ಕಷ್ಟ ಆಯ್ತು.

ಒಂದು ಕೊರತೆ ಅಂದ್ರೆ ವಾವೊರಾನಿಗಳ ಕಡೆಯ ಕಥೆ ತೀರಾ ಕಮ್ಮಿ, ರಬ್ಬರ್ ವ್ಯಾಪಾರದ ಕಾಲದಿಂದ ಹೊರಗಿನೋರು ಆ ಕಾಡಿನ ಜನರನ್ನ ಹಿಡಿದು ಕೊಂದಿದ್ದನ್ನೂ ಮಕ್ಕಳಿಗೆ ಹೇಳ್ಬೇಕು, ಭಯ ಸುಮ್ಮನೆ ಹುಟ್ಟಲ್ವಲ್ಲ. 1958ರಲ್ಲಿ ನೇಟ್ ಅಕ್ಕ ರೇಚಲ್ ಮತ್ತೆ ಸತ್ತ ಗೆಳೆಯರಲ್ಲಿ ಒಬ್ಬನ ಹೆಂಡತಿ ಎಲಿಸಬೆತ್, ತನ್ನ ಪುಟ್ಟ ಮಗಳನ್ನೂ ಕರ್ಕೊಂಡು, ಅದೇ ಜನರ ಜೊತೆ ಬದುಕೋಕೆ ಹೋದ್ರು. ಮಗಳ ಹತ್ರ ಇದನ್ನೆಲ್ಲ ಸೇರಿಸಿಯೇ ಹೇಳ್ತೀನಿ.