‘ಹತ್ತು ಕಥಿ ಆಗ್ಯಾವ, ಪುಸ್ತಕ ಮಾಡ್ಲಾಕ ಎಷ್ಟ್ ರೊಕ್ಕ ಬೇಕ್ರಿ?’

ಕಲಬುರಗಿ, ಬೀದರ್, ಯಾದಗಿರಿ ಕಡೆ ಹೊಸದಾಗಿ ಕಥೆ ಬರೆಯುವವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು. ರೊಕ್ಕದ ಲೆಕ್ಕ ಹೇಳುತ್ತೇನೆ. ಆದರೆ ಹತ್ತರಲ್ಲಿ ಮೂರ್ನಾಲ್ಕು ಕಥೆಗಳಾದರೂ ಪತ್ರಿಕೆಯಲ್ಲೋ ಸ್ಪರ್ಧೆಯಲ್ಲೋ ಗೆದ್ದು ಬರುವವರೆಗೆ ಪ್ರೆಸ್ಸಿನ ಮೆಟ್ಟಿಲು ಹತ್ತಬೇಡಿ. ಗೆಳೆಯರು ನಿಮ್ಮ ಮುಖ ನೋಡಿ ಓದುತ್ತಾರೆ. ನಿಮ್ಮ ಪರಿಚಯವೇ ಇಲ್ಲದ ಸಂಪಾದಕರಿಗೆ ಆ ದಾಕ್ಷಿಣ್ಯವಿಲ್ಲ.

ನಮ್ಮ ಭಾಗದ ಹಸ್ತಪ್ರತಿಗಳು ಹೆಚ್ಚಾಗಿ ಸೋಲುವುದು ವಿಷಯದಲ್ಲಲ್ಲ, ವಿವರದಲ್ಲಿ. ‘ಬೆಳೆ ಹಾಳಾಯಿತು, ರೈತ ಸಾಲಗಾರನಾದ’ ಎಂಬ ಸಾಲು ರಾಜ್ಯದ ಯಾವ ಜಿಲ್ಲೆಗೂ ಹೊಂದುತ್ತದೆ. ಅಫಜಲಪುರದ ಹೊಲವಾದರೆ ತೊಗರಿ ಎನ್ನಿ. ಜೂನ್–ಜುಲೈನಲ್ಲಿ ಬಿತ್ತಿದ್ದು ರಾಶಿಗೆ ಬರುವುದು ಡಿಸೆಂಬರ್–ಜನವರಿಗೆ. ನೆಟೆ ರೋಗ ಬಿದ್ದರೆ ಗಿಡ ಬುಡ ಮೇಲಾಗುವುದಿಲ್ಲ, ನಿಂತಲ್ಲೇ ಒಣಗುತ್ತದೆ. ಹೂವು, ಕಾಯಿ ಬಿಡುವ ಹೊತ್ತಿಗೆ, ಅಂದರೆ ಗೊಬ್ಬರ, ಔಷಧಿ, ಕಳೆ ಕೂಲಿಯ ಖರ್ಚೆಲ್ಲ ಆದ ಮೇಲೆ ಹೊಡೆತ ಬೀಳುತ್ತದೆ. ಕಥೆಯ ಬಿಗಿ ಇರುವುದು ಈ ಕಾಲದ ಲೆಕ್ಕದಲ್ಲಿ. ಸಾಲದ ಕಂತು ಯಾವ ತಿಂಗಳು, ಮಗಳ ಮದುವೆಯ ಮಾತು ಯಾವ ತಿಂಗಳು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಕಥೆ ಬರೆಯಲು ಕುಳಿತುಕೊಳ್ಳಿ.

ಸಂಭಾಷಣೆಗೂ ಇದೇ ಮಾತು. ‘ಈ ಸಲ ನಮ್ಮ ಬೆಳೆ ಪೂರ್ತಿ ನಾಶವಾಗಿದೆ, ಇನ್ನು ಸಾಲ ಹೇಗೆ ತೀರಿಸುತ್ತೀರಿ?’ ಎಂದು ಹೆಂಡತಿ ಗಂಡನಿಗೆ ಹೇಳುವುದಿಲ್ಲ. ಇಬ್ಬರಿಗೂ ಗೊತ್ತಿರುವುದನ್ನು ಓದುಗರ ಸಲುವಾಗಿ ಆಡಿಸಿದ ಮಾತು ಅದು. ‘ಕಾಯಿ ಒಡದ್ ನೋಡೀರೇನು? ಒಳಗ ಕಾಳೇ ಇಲ್ಲ’ ಎಂದರೆ ಸಾಕು, ಸಾಲದ ಸುದ್ದಿ ಓದುಗರೇ ಊಹಿಸುತ್ತಾರೆ. ಆಡುಮಾತಿನಲ್ಲಿ ಇನ್ನೊಂದು ಎಡವಟ್ಟು ಪದೇ ಪದೇ ಕಾಣುತ್ತದೆ. ಒಂದು ಪುಟದಲ್ಲಿ ಕಲಬುರಗಿಯ ‘ಮಾಡ್ಲತ್ತಾನ’, ಮುಂದಿನ ಪುಟದಲ್ಲಿ ಅದೇ ಪಾತ್ರದ ಬಾಯಲ್ಲಿ ಧಾರವಾಡದ ‘ಮಾಡಾಕತ್ತಾನ’. ಪಾತ್ರಕ್ಕೊಂದು ಹಾಳೆ ಮಾಡಿ, ಅದು ಬಳಸುವ ಹತ್ತು ಹದಿನೈದು ಕ್ರಿಯಾಪದಗಳ ರೂಪವನ್ನು ಒಂದೇ ಕಾಗುಣಿತದಲ್ಲಿ ಬರೆದಿಟ್ಟುಕೊಳ್ಳಿ. ಕೊನೆಗೆ ಸಂಭಾಷಣೆಯನ್ನಷ್ಟೇ ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದಲ್ಲಿ ತಿದ್ದಿ. ಆಡುಮಾತಿನ ಪದಗಳಿಗೆ ಪುಟದ ಕೆಳಗೆ ಅರ್ಥ ಕೊಡಬೇಡಿ, ಸಂದರ್ಭವೇ ಅರ್ಥ ಹೇಳಲಿ.

ಕಳಿಸುವಾಗ ಯುನಿಕೋಡ್‌ನಲ್ಲೇ ಕಳಿಸಿ, ಜೊತೆಗೊಂದು ಪಿಡಿಎಫ್ ಇರಲಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಿಂದ ಬದಲಾಯಿಸಿದ ಕಡತದಲ್ಲಿ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪಿರುತ್ತವೆ, ಸಾಲು ಸಾಲು ನೋಡಲೇಬೇಕು. ಒಂದೇ ಕಥೆಯನ್ನು ಒಟ್ಟಿಗೆ ಎರಡು ಕಡೆ ಕಳಿಸಬೇಡಿ. ಮೂರು ತಿಂಗಳು ಉತ್ತರ ಬಾರದಿದ್ದರೆ ‘ಕಥೆ ಹಿಂಪಡೆಯುತ್ತಿದ್ದೇನೆ’ ಎಂದು ಒಂದು ಸಾಲಿನ ಮೇಲ್ ಹಾಕಿ ಬೇರೆ ಕಡೆ ಕಳಿಸಿ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಿದೆ, ನಮ್ಮಲ್ಲೇ ಗುಲಬರ್ಗಾ ವಿಶ್ವವಿದ್ಯಾಲಯ ಜಯತೀರ್ಥ ರಾಜಪುರೋಹಿತರ ಹೆಸರಿನಲ್ಲಿ ನಡೆಸುವ ಸ್ಪರ್ಧೆಯಿದೆ. ಸ್ಪರ್ಧೆಗೆ ಬೇಕಾದದ್ದು ಸಾಮಾನ್ಯವಾಗಿ ಅಪ್ರಕಟಿತ ಕಥೆ. ಫೇಸ್‌ಬುಕ್ಕಿಗೆ ಹಾಕಿದ್ದನ್ನೂ ಪ್ರಕಟಿತವೆಂದೇ ಎಣಿಸುವವರಿದ್ದಾರೆ.

ಇನ್ನು ರೊಕ್ಕ. ಕಥಾಸಂಕಲನಗಳ ಸಾಮಾನ್ಯ ಅಳತೆಯಾದ ಡೆಮಿ 1/8ರ ಒಂದು ಪುಟಕ್ಕೆ ಸುಮಾರು 200–220 ಪದ ಹಿಡಿಯುತ್ತದೆ. 2,500 ಪದದ ಕಥೆಗೆ 12 ಪುಟ, ಹತ್ತು ಕಥೆಗೆ 120, ಶೀರ್ಷಿಕೆ, ಪರಿವಿಡಿ, ಲೇಖಕರ ಮಾತು ಸೇರಿ 128. ಮುದ್ರಣದ ಲೆಕ್ಕ ನಡೆಯುವುದು 16 ಪುಟ ಒಟ್ಟಿಗೆ ಅಚ್ಚಾಗುವ ಫಾರಂಗಳಲ್ಲಿ, 128 ಅಂದರೆ ಸರಿಯಾಗಿ ಎಂಟು ಫಾರಂ. 131 ಪುಟವಾದರೆ ಮೂರು ಪುಟಕ್ಕಾಗಿ ಇಡೀ ಹೊಸ ಫಾರಂನ ಖರ್ಚು ತೆರಬೇಕು. ಮುನ್ನುಡಿ ಕತ್ತರಿಸಿ, ಕಥೆ ಬೇಡ.

ಮುನ್ನೂರು ಪ್ರತಿಯೊಳಗಾದರೆ ಡಿಜಿಟಲ್ ಮುದ್ರಣ, ಐನೂರು ದಾಟಿದರೆ ಆಫ್‌ಸೆಟ್ ಲಾಭ. ಉದಾಹರಣೆಗೆ ಬೆಲೆ 160 ರೂಪಾಯಿ ಎನ್ನೋಣ. ಅಂಗಡಿಗೆ 35% ಬಿಟ್ಟರೆ ಉಳಿದದ್ದು 104. ಮುದ್ರಣಕ್ಕೆ ಪ್ರತಿಗೆ 75 ಹೋದರೆ 29. ಪ್ರಕಾಶಕರು 10% ಗೌರವಧನ, ಅಂದರೆ 16 ರೂಪಾಯಿ ಕೊಟ್ಟ ಮೇಲೆ ಅವರ ಕೈಯಲ್ಲಿ 13. ಪುಟವಿನ್ಯಾಸ, ಕರಡು ತಿದ್ದುವಿಕೆ, ಮುಖಪುಟ, ಕೊರಿಯರ್ ಎಲ್ಲ ಅದರಲ್ಲೇ ಆಗಬೇಕು. ಹೊಸಬರ ಪುಸ್ತಕಕ್ಕೆ ಪ್ರಕಾಶಕರು ಹಿಂಜರಿಯುವುದು ಇದಕ್ಕೇ, ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. ನಿಮ್ಮ ಖರ್ಚಿನಲ್ಲೇ ತರುವುದಾದರೆ ಈ ಲೆಕ್ಕದಲ್ಲಿ 300 ಪ್ರತಿಗೆ ಮುದ್ರಣವೇ 22,500. ಬಿಡುಗಡೆ ಸಮಾರಂಭದ ಹಾರ ಶಾಲಿಗಿಂತ ಒಳ್ಳೆಯ ಕರಡು ತಿದ್ದುವವರಿಗೆ ಹಣ ಕೊಡಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಸರ್ಕಾರಿ ಶುಲ್ಕವಿಲ್ಲ, ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಯ ಜಾಲತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಅದನ್ನು ಸಾವಿರಾರು ರೂಪಾಯಿಗೆ ಮಾರುವವರಿಂದ ದೂರವಿರಿ.

ಪ್ರಕಾಶಕರು ಒಪ್ಪಿದರೆ ಖುಷಿಯಲ್ಲಿ ಸಹಿ ಹಾಕಿಬಿಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಅರ್ಥ. ‘ಎಲ್ಲ ಹಕ್ಕುಗಳೂ’ ಎಂಬ ಪದ ಕಂಡಲ್ಲಿ ‘ಕನ್ನಡ ಮುದ್ರಿತ ಆವೃತ್ತಿಯ ಹಕ್ಕು, ಐದು ವರ್ಷ’ ಎಂದು ತಿದ್ದಿಸಿ. ಆಡಿಯೊ, ಅನುವಾದ, ಸಿನಿಮಾ ಹಕ್ಕು ನಿಮ್ಮಲ್ಲೇ ಉಳಿಯಲಿ. ಎಷ್ಟು ಪ್ರತಿ ಅಚ್ಚು ಹಾಕುತ್ತಾರೆ, ಗೌರವಧನದ ಲೆಕ್ಕ ವರ್ಷದ ಯಾವ ತಿಂಗಳು ಕೊಡುತ್ತಾರೆ, ಲೇಖಕರ ಉಚಿತ ಪ್ರತಿ ಎಷ್ಟು, ಹೆಚ್ಚಿಗೆ ಬೇಕಾದರೆ ಯಾವ ರಿಯಾಯಿತಿಗೆ ಸಿಗುತ್ತದೆ ಎಂಬುದೂ ಅದೇ ಹಾಳೆಯಲ್ಲಿ ಬರಲಿ. ಸಹಿಯಾದ ಒಂದು ಪ್ರತಿಯನ್ನು ಅಲ್ಲೇ ಕೇಳಿ ಪಡೆದುಕೊಳ್ಳಿ.