ಹೂಮಳೆಯ ದಿನ ಜಾರಿದ ಹಿಂದಿನ ಚಕ್ರ

ಕುಶಾಲನಗರದ ಟೈರ್ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ ಆಯಿತು. ದಿನಾ ಬರುವುದು ತೋಟದ ಜೀಪು, ಪಿಕಪ್, ಆಲ್ಟೊ, ಟ್ಯಾಕ್ಸಿ. ಸ್ಪೋರ್ಟ್ಸ್ ಕಾರು ವರ್ಷಕ್ಕೆ ನಾಲ್ಕೈದು ಬಂದರೆ ಹೆಚ್ಚು. ಆದರೂ ಟೈರ್ ಆರಿಸುವುದು ಅಂದರೆ ಏನು ಅಂತ ನನಗೆ ಕಲಿಸಿದ್ದು ಅಂಥದ್ದೇ ಒಂದು ಕಾರು, ಬೂದು ಬಣ್ಣದ ಪೋರ್ಶೆ 718 ಕೇಮನ್.

ಸುಂಟಿಕೊಪ್ಪ ಕಡೆಯ ಒಬ್ಬ ಸಾವ್ಕಾರರ ಮಗನದ್ದು. ಬೆಂಗಳೂರಲ್ಲಿ ಕೆಲಸ, ಶನಿವಾರ ಭಾನುವಾರ ಮನೆಗೆ ಬರುತ್ತಾರೆ. ಕಾಫಿ ಕುಯ್ಲು ನಡೆಯುತ್ತಿದ್ದ ಜನವರಿಯಲ್ಲಿ ಒಂದು ಬೆಳಿಗ್ಗೆ ಬಂದು, "ಅಣ್ಣ, ಹಿಂದಿನ ಎರಡು ಮುಗಿದಿದೆ, ಅದಷ್ಟೇ ಹಾಕಿಕೊಡಿ. ಮುಂದಿನದು ಇನ್ನೂ ಒಂದು ವರ್ಷ ಓಡುತ್ತೆ" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಕಾರಿಗೆ ಎಂಜಿನ್ ಸೀಟಿನ ಹಿಂದೆ ಇದೆ, ಎಳೆಯುವುದೂ ಹಿಂದಿನ ಚಕ್ರಗಳೇ. ಮುಂದೆ 235/45 ಝಡ್‌ಆರ್ 18, ಹಿಂದೆ 265/45 ಝಡ್‌ಆರ್ 18. ಸೈಜ್ ಬೇರೆ ಬೇರೆ ಆದ್ದರಿಂದ ಮುಂದಿನದನ್ನು ಹಿಂದಕ್ಕೆ ಅದಲುಬದಲು ಮಾಡುವ ಹಾಗೂ ಇಲ್ಲ. ಹಿಂದಿನದು ಮೊದಲು ಸವೆಯುವುದು ಸಹಜ.

ಮುಂದೆ ಇದ್ದ ಕಂಪನಿಯ ಅದೇ ಮಾಡೆಲ್ ಹಿಂದಿನ ಸೈಜಿನಲ್ಲಿ ಎಲ್ಲೂ ಸಿಗಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದನ್ನು ನಿರ್ಬಂಧದ ಪಟ್ಟಿಗೆ ಹಾಕಿತು. ಆಮೇಲೆ ತರಿಸಲು ಲೈಸೆನ್ಸ್ ಬೇಕು. ಇಂಥ ಅಪರೂಪದ ಸೈಜುಗಳಿಗೆ ಕಾಯುವುದು ನಮ್ಮ ದಂಧೆಯಲ್ಲಿ ಮಾಮೂಲಿ. ಕಾಯಿರಿ ಅಂತ ಹೇಳುವುದು ಬಿಟ್ಟು ನಾನು ಬೇರೆ ಕಂಪನಿಯದ್ದು ಹುಡುಕಿದೆ. ಸೈಜ್ ಸರಿ. ಲೋಡ್ 101, ಅಂದರೆ ಒಂದು ಟೈರಿಗೆ 825 ಕಿಲೋ, ಅದೂ ಸರಿ. ಸ್ಪೀಡಿನ ಅಕ್ಷರ ವೈ, ಗಂಟೆಗೆ 300 ಕಿಲೋಮೀಟರ್, ಅದೂ ಸರಿ. "ಬೇರೆ ಕಂಪನಿದು ಅಂದ್ರೆ ತೊಂದ್ರೆ ಇಲ್ವಾ?" ಅಂತ ಅವರೇ ಕೇಳಿದರು. "ಏನೂ ಆಗಲ್ಲ ಸರ್, ನಂಬರೆಲ್ಲ ಒಂದೇ ಅಲ್ವಾ" ಅಂದೆ. ಆ ಮಾತು ಈಗ ನೆನೆದರೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಫೆಬ್ರವರಿ ಪೂರ್ತಿ ಒಣ ರಸ್ತೆ. ಏನೂ ಗೊತ್ತಾಗಲಿಲ್ಲ. ಮಾರ್ಚ್‌ನಲ್ಲಿ ಹೂಮಳೆ ಬಿತ್ತು. ಕಾಫಿ ಹೂವಿಗೆ ಬೇಕಾದ ಮಳೆ ಸರಿಯಾದ ಹೊತ್ತಿಗೆ ಬಂತು ಅಂತ ಇಡೀ ಊರು ಖುಷಿಯಲ್ಲಿದ್ದ ಸಂಜೆ, ಬೋಯಿಕೇರಿ ಹತ್ತಿರದ ತಿರುವಿನಲ್ಲಿ ಆ ಕಾರಿನ ಹಿಂಭಾಗ ಜಾರಿ, ಅರ್ಧ ಸುತ್ತು ತಿರುಗಿ, ರಸ್ತೆ ಬದಿಯ ಮಣ್ಣಿನ ಬರೆಗೆ ತಾಗಿ ನಿಂತಿತು. ಹುಡುಗನಿಗೆ ಏನೂ ಆಗಲಿಲ್ಲ. ಎದುರಿಂದ ಕೂಲಿಯವರನ್ನು ತುಂಬಿಕೊಂಡ ಪಿಕಪ್ ಬಂದದ್ದು ಒಂದು ನಿಮಿಷ ಬಿಟ್ಟು.

ಮಾರನೇ ದಿನ ಸಾವ್ಕಾರರೇ ಅಂಗಡಿಗೆ ಬಂದರು. ಬೈಯಲಿಲ್ಲ. "ಹಳೇ ಟೈರ್ ಇದ್ದಾಗ ಜಾರದ ಕಾರು ಹೊಸದು ಹಾಕಿದ ಮೇಲೆ ಯಾಕಪ್ಪ ಜಾರಿತು?" ಅಂತ ಮಾತ್ರ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾರು ಲಿಫ್ಟಿನ ಮೇಲೆ ಏರಿದಾಗ ಉತ್ತರ ಟೈರಿನ ಮೇಲೇ ಬರೆದಿತ್ತು. ಮುಂದಿನ ಟೈರಿನ ಬಟನ್, ಅಂದರೆ ನೆಲಕ್ಕೆ ತಾಗುವ ರಬ್ಬರ್ ಉಬ್ಬಿನ ಮೇಲೆ ಹೆಬ್ಬೆರಳ ಉಗುರು ಒತ್ತಿದೆ, ಗುರುತು ಬಿತ್ತು. ಹಿಂದಿನದಕ್ಕೆ ಒತ್ತಿದೆ, ಉಗುರೇ ಬಾಗಿತು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಮೈ ಮೇಲೆ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರುತ್ತದೆ. 100 ಅಂದರೆ ಅಳತೆಗೆ ಇಟ್ಟುಕೊಂಡ ಮೂಲ ಟೈರಿನಷ್ಟು ಬಾಳಿಕೆ, 300 ಅಂದರೆ ಅದರ ಮೂರು ಪಟ್ಟು. ಸಾಮಾನ್ಯವಾಗಿ ಸಂಖ್ಯೆ ಏರಿದಂತೆ ರಬ್ಬರ್ ಗಟ್ಟಿ, ಬಾಳಿಕೆ ಹೆಚ್ಚು, ಹಿಡಿತ ಕಡಿಮೆ. ಮುಂದಿನದರ ಸಂಖ್ಯೆಗಿಂತ ಹಿಂದಿನದರದ್ದು ಬಹಳ ಮೇಲಿತ್ತು. ನಾನು ಅದನ್ನು ಓದಿಯೇ ಇರಲಿಲ್ಲ.

ಮುಂದಿನ ಚಕ್ರ ಮೊದಲು ಜಾರಿದರೆ ಕಾರು ತಿರುವಿನಿಂದ ಹೊರಕ್ಕೆ ನೇರ ಹೋಗಲು ನೋಡುತ್ತದೆ. ಹೆದರಿ ಆಕ್ಸಿಲರೇಟರ್ ಬಿಟ್ಟರೆ ತೂಕ ಮುಂದಕ್ಕೆ ಬಂದು ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಮೊದಲು ಜಾರಿದರೆ ಅದೇ ಹೆದರಿಕೆ ಕಾರನ್ನು ತಿರುಗಿಸಿಬಿಡುತ್ತದೆ, ಏಕೆಂದರೆ ತೂಕ ಮುಂದಕ್ಕೆ ಹೋದಷ್ಟೂ ಹಿಂದೆ ಹಗುರ. ಮುಂದೆ ಮೆತ್ತಗಿನ ರಬ್ಬರ್, ಹಿಂದೆ ಗಟ್ಟಿ ರಬ್ಬರ್ ಹಾಕಿ ಅಂಥ ಕಾರನ್ನು ನಾನೇ ಸಿದ್ಧ ಮಾಡಿ ಕಳಿಸಿದ್ದೆ. ನಾಲ್ಕೂ ಒಂದೇ ಕಂಪನಿ, ಒಂದೇ ಮಾಡೆಲ್ ಇರಬೇಕು ಅಂತ ಪೋರ್ಶೆಯವರು ಹೇಳುವುದು ಇದಕ್ಕೇ. ತಾವು ಒಪ್ಪಿದ ಟೈರುಗಳಿಗೆ ಎನ್0, ಎನ್1, ಎನ್2 ಅಂತ ಗುರುತು ಹಾಕಿಸುತ್ತಾರೆ. ಆ ಅಂಕಿ ಕೂಡ ಮುಂದೆ ಹಿಂದೆ ಹೊಂದಬೇಕು.

ಆಮೇಲಿಂದ ಇಂಥ ಕಾರು ಬಂದರೆ ನಾನು ಮೊದಲು ಸೈಜ್ ಕೇಳುವುದಿಲ್ಲ. ಕಾರು ಎಲ್ಲಿ ಓಡುತ್ತದೆ, ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಲ್ಲುತ್ತದೋ ರಸ್ತೆಗೆ ಇಳಿಯುತ್ತದೋ ಅಂತ ಕೇಳುತ್ತೇನೆ. ಬೆಂಗಳೂರಿನ ಗೆಳೆಯರು ಹೇಳಿದರು ಅಂತ ರೇಸ್ ಟ್ರ್ಯಾಕ್ ಕಡೆಗೆ ವಾಲಿದ ಟೈರ್ ಕೇಳುವವರು ಇದ್ದಾರೆ. ಒಂದೇ ಕಂಪನಿಯೊಳಗೆ ಹೋಲಿಸಿ ನೋಡಿ: ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಟ್ರೆಡ್‌ವೇರ್ 300, ಟ್ರ್ಯಾಕಿಗೆಂದು ಮಾಡಿದ ಕಪ್ 2 ಸಾಮಾನ್ಯವಾಗಿ 180. ಎರಡಕ್ಕೂ ಒದ್ದೆ ರಸ್ತೆಯ ಟ್ರ್ಯಾಕ್ಷನ್ ಗ್ರೇಡ್ ಡಬಲ್ ಎ. ಗ್ರೇಡ್ ಒಂದೇ ಅಂತ ಸಮಾಧಾನ ಪಡಬೇಡಿ. ಆ ಗ್ರೇಡ್ ಒದ್ದೆ ನೆಲದಲ್ಲಿ ನೇರ ಬ್ರೇಕ್ ಹಿಡಿದಾಗಿನ ಹಿಡಿತದ್ದು ಮಾತ್ರ. ತಿರುವಿನದ್ದಲ್ಲ, ನಿಂತ ನೀರಿನ ಮೇಲೆ ತೇಲುವುದರದ್ದೂ ಅಲ್ಲ. ಕೊಡಗಿನಲ್ಲಿ ನೇರ ರಸ್ತೆ ಎಷ್ಟಿದೆ?

ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಚರಂಡಿ ಕಟ್ಟಿಕೊಂಡು ತಿರುವಿನಲ್ಲಿ ನೀರು ಅಡ್ಡ ಹರಿಯುತ್ತದೆ. ತೋಟದ ದಾರಿಯ ಕೆಂಪು ಮಣ್ಣು ಟಾರಿನ ಮೇಲೆ ಬಂದು ಕೂರುತ್ತದೆ, ಸಿಲ್ವರ್ ಓಕ್ ಎಲೆ ಕೊಳೆತು ಅಂಟುತ್ತದೆ, ಬಿಸಿಲು ಬೀಳದ ಕಡೆ ಪಾಚಿ. ಹಾಗಾಗಿ ನಾನು ಮೊದಲು ನೋಡುವುದು ಸುತ್ತ ಹರಿದ ದೊಡ್ಡ ಗೀರುಗಳು ಎಷ್ಟು ಅಗಲ, ಎಷ್ಟು ಆಳ ಅಂತ. ಬಟನ್ 1.6 ಮಿಲಿಮೀಟರ್ ತನಕ ಸವೆಯಬಹುದು ಅಂತ ಟೈರಿನಲ್ಲೇ ಗುರುತಿನ ಪಟ್ಟಿ ಇದೆ. ನನ್ನ ಮಟ್ಟಿಗೆ ಮಳೆಗಾಲ ಶುರುವಾಗುವಾಗ 3 ಮಿಲಿಮೀಟರಿಗಿಂತ ಕಡಿಮೆ ಇರುವ ಅಗಲ ಟೈರ್ ಸಂಪಾಜೆ ಘಾಟಿ ಇಳಿಯಬಾರದು. ನೋಟಕ್ಕೆ ಚೆನ್ನಾಗಿರುತ್ತೆ ಅಂತ ಒಂದು ಸೈಜ್ ಅಗಲದ್ದು ಕೇಳುವವರಿಗೂ ಇದನ್ನೇ ಹೇಳುತ್ತೇನೆ: ಟೈರ್ ಅಗಲವಾದಷ್ಟೂ ನೀರಿನ ಮೇಲೆ ಬೇಗ ತೇಲುತ್ತದೆ.

ಹೊಸ ಟೈರ್ ಬಂದಾಗ ತಯಾರಾದ ದಿನ ನೋಡದೆ ಈಗ ಡಿಸ್ಕಿಗೆ, ಅಂದರೆ ಚಕ್ರದ ರಿಮ್ಮಿಗೆ, ಏರಿಸುವುದಿಲ್ಲ. ಸೈಡ್‌ವಾಲ್ ಮೇಲಿನ ಕೋಡಿನ ಕೊನೆಯ ನಾಲ್ಕು ಅಂಕಿ ಅದು. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ. ಹಲವು ಟೈರಿನಲ್ಲಿ ಇದು ಒಂದೇ ಬದಿಯಲ್ಲಿ ಇರುತ್ತದೆ, ಹಾಕಿದ ಮೇಲೆ ಅದು ಒಳಗಡೆ ಹೋದರೆ ಗಿರಾಕಿಗೆ ಕಾಣುವುದೇ ಇಲ್ಲ. ಆದ್ದರಿಂದ ಏರಿಸುವ ಮುಂಚೆಯೇ ಅವರನ್ನು ಕರೆದು ತೋರಿಸುತ್ತೇನೆ. ಅಪರೂಪದ ಸೈಜು ಗೋಡೌನಿನಲ್ಲಿ ವರ್ಷಗಟ್ಟಲೆ ಕೂತಿರುವ ಸಾಧ್ಯತೆ ಹೆಚ್ಚು.

ಕಳಚಿದ ಹಳೇ ಟೈರನ್ನೂ ಹಾಗೇ ಮೂಲೆಗೆ ಎಸೆಯಬಾರದು. ಕೇಮನ್‌ನ ಮುಂದಿನ ಟೈರ್ ಹೊರಗಿನಿಂದ ಅರ್ಧ ಉಳಿದಿರುವ ಹಾಗೆ ಕಾಣುತ್ತಿತ್ತು. ಕಳಚಿ ಒಳ ಅಂಚಿನ ಮೇಲೆ ಅಂಗೈ ಎಳೆದೆ. ಒಂದು ಕಡೆಗೆ ನುಣುಪು, ವಾಪಸ್ ಎಳೆದರೆ ಗರಗಸದ ಹಲ್ಲಿನ ಹಾಗೆ ಕಚ್ಚುತ್ತಿತ್ತು. ಟೋ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿ ನಿಲ್ಲುವ ಕೋನ, ತಪ್ಪಿದ ಲಕ್ಷಣ. ಅಲೈನ್‌ಮೆಂಟ್ ಮಾಡದೆ ಅದರ ಮೇಲೆ ಎಷ್ಟು ದುಬಾರಿ ಟೈರ್ ಹಾಕಿದ್ದರೂ ಒಳಗಿನಿಂದಲೇ ತಿಂದು ಹಾಕುತ್ತಿತ್ತು. ಜನವರಿಯಲ್ಲೇ ಆ ಎರಡು ಚಕ್ರವನ್ನೂ ಕಳಚಿ ನೋಡಿದ್ದರೆ, ಮುಂದಿನದೂ ಬದಲಾಗಬೇಕು ಅಂತ ಅವತ್ತೇ ಗೊತ್ತಾಗುತ್ತಿತ್ತು.

ನಮ್ಮ ಯಜಮಾನರು ಹಿಂದಿನ ಎರಡು ಟೈರನ್ನು ವಾಪಸ್ ತೆಗೆದುಕೊಂಡರು, ನಾನು ಕೇಳುವ ಮೊದಲೇ. ಒಂದೇ ಮಾಡೆಲಿನ ನಾಲ್ಕು, ಎನ್ ಗುರುತೂ ಹೊಂದುವಂಥದ್ದು, ಬರಲು ಐದು ವಾರ ಹಿಡಿಯಿತು. ಅಷ್ಟು ದಿನ ಕಾರು ತೋಟದ ಶೆಡ್ಡಿನಲ್ಲೇ ನಿಂತಿತ್ತು. ಬಂದ ದಿನ ಹೊರಬದಿ ಅಂತ ಬರೆದದ್ದು ಹೊರಗೇ ಇದೆಯಾ ಅಂತ ನಾಲ್ಕೂ ಕಡೆ ನೋಡಿ, ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ 160 ನ್ಯೂಟನ್ ಮೀಟರಿಗೆ ಬಿಗಿದು, ಅಲೈನ್‌ಮೆಂಟ್ ಮಾಡಿ, ಗಾಳಿಯನ್ನು ಬೆಳಗಿನ ತಂಪಿನಲ್ಲೇ ಹಿಡಿದೆ. ಬೆಂಗಳೂರಿನ ಮಧ್ಯಾಹ್ನದ ಬಿಸಿಲಿನಲ್ಲಿ ಹಿಡಿಸಿಕೊಂಡು ಮಡಿಕೇರಿಯ ಚಳಿಗೆ ಬಂದರೆ ಎರಡು ಪಿಎಸ್‌ಐ ಕಡಿಮೆ ತೋರಿಸುತ್ತದೆ. ಐದಾರು ಡಿಗ್ರಿಗೆ ಒಂದು ಪಿಎಸ್‌ಐ ಲೆಕ್ಕ. "ಸರ್, ಹೊಸ ರಬ್ಬರಿನ ಮೇಲಿನ ನುಣುಪು ಹೋಗುವ ತನಕ, ಮೊದಲ 200 ಕಿಲೋಮೀಟರ್ ನಿಧಾನ" ಅಂದೆ. ಸಾವ್ಕಾರರ ಮಗ ತಲೆಯಾಡಿಸಿ, ಹಿಂದಿನ ಟೈರಿನ ಮೇಲೆ ತಾವೇ ಬಗ್ಗಿ ಹೆಬ್ಬೆರಳ ಉಗುರು ಒತ್ತಿ ನೋಡಿದರು.